ಹಳೇ ಪೇಂಟ್ ಉಜ್ಜೋ ಕೆಲ್ಸ, ಸೀಸದ ಧೂಳು: ನನ್ನ ಅನುಭವ

ಬೆಂಗಳೂರಲ್ಲಿ ಪೇಂಟಿಂಗ್ ಕಾಂಟ್ರಾಕ್ಟ್ ಮಾಡ್ತೀನಿ, ಜಾಸ್ತಿ ಬರೋದು ಹಳೇ ಮನೆಗಳ ರೀಪೇಂಟಿಂಗೇ. ನಮ್ ಹುಡುಗ್ರು ತಿನ್ನರ್ ವಾಸನೆಗೆ ಹೆದರ್ತಾರೆ, ತಲೆ ಸುತ್ತುತ್ತೆ ಅಂತ ಕಿಟಕಿ ತೆಗೀತಾರೆ, ಆದ್ರೆ ಗ್ರಿಲ್ ಉಜ್ಜೋವಾಗ ಏಳೋ ಧೂಳಿಗೆ ಯಾರೂ ತಲೆ ಕೆಡಿಸ್ಕೊಳಲ್ಲ. ಆ ಧೂಳಲ್ಲಿರೋ ಸೀಸಕ್ಕೆ, ಅಂದ್ರೆ ಲೆಡ್‌ಗೆ, ವಾಸನೆನೇ ಇಲ್ವಲ್ಲ, ಅದೇ ತೊಂದ್ರೆ.

ಹೊಸ ಡಬ್ಬಕ್ಕಿಂತ ನಂಗೆ ಭಯ ಇರೋದು ಹಳೇ ಕೋಟಿಂಗ್ ಮೇಲೆ. ಮನೆ ಪೇಂಟಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ದಾಟಬಾರ್ದು ಅನ್ನೋ ರೂಲ್ ಜಾರಿಗೆ ಬಂದಿದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಮುಂಚೆ ಹೊಡೆದ ಎನಾಮಲ್, ಅದ್ರಲ್ಲೂ ಹಳದಿ, ಕೇಸರಿ ಬಣ್ಣದ್ದು, ಬಾಗ್ಲು ಗ್ರಿಲ್ ಮೇಲೆ ಪದರ ಪದರವಾಗಿ ಇನ್ನೂ ಕೂತಿರುತ್ತೆ, ಅದನ್ನ ಒಣಗಿದ್ದಾಗ್ಲೇ ಎಮರಿ ಪೇಪರಲ್ಲಿ ಉಜ್ಜಿದ್ರೆ ಎಲ್ಲಾ ಪುಡಿಯಾಗಿ ಮೂಗು ಬಾಯಿಗೇ ಹೋಗೋದು.

ಬರೀ ಬಾಯಲ್ಲಿ ಹೇಳಿದ್ರೆ ಹುಡುಗ್ರು ಹ್ಞೂಂ ಅಣ್ಣ ಅಂತಾರೆ ಅಷ್ಟೇ. ಒಂದಿನ ಗ್ರಿಲ್ ಉಜ್ಜಿ ಟೀಗೆ ಕೂತಾಗ ಒದ್ದೆ ಬಿಳಿ ಬಟ್ಟೆ ಕೊಟ್ಟು ಕೈ ಒರೆಸ್ಕೊಳ್ರೋ ಅಂದೆ. ಉಗುರು ಸಂದಿಯಿಂದೆಲ್ಲಾ ಹಳದಿ ಬೂದಿ ಬಣ್ಣದ ಪುಡಿ ಬಟ್ಟೆಗೆ ಮೆತ್ಕೊಳ್ತು, ಇದೇ ಕೈಯಲ್ಲಿ ಬೋಂಡ ತಿಂತೀರ, ಇದೇ ಶರ್ಟಲ್ಲಿ ಮನೆಗೆ ಹೋಗಿ ಮಗು ಎತ್ಕೊಳ್ತೀರ ಅಂದೆ. ಮಗು ಅಂದ ತಕ್ಷಣ ಸುಮ್ನಾದ್ರು, ಚಿಕ್ಕ ಮಕ್ಕಳ ಮೈ ಸೀಸನ ದೊಡ್ಡೋರಿಗಿಂತ ಜಾಸ್ತಿ ಎಳ್ಕೊಳುತ್ತೆ, ಮೆದುಳಿಗೇ ಪೆಟ್ಟು ಬೀಳುತ್ತೆ ಅಂತ ಆಗ ಕೂತು ಕೇಳಿದ್ರು.

ಈಗ ಮೊದ್ಲು ನೀರು ಸ್ಪ್ರೇ ಮಾಡಿ ವಾಟರ್ ಪೇಪರಲ್ಲೇ ಉಜ್ಜೋದು, ಕೆಳಗೆ ಪ್ಲಾಸ್ಟಿಕ್ ಶೀಟು, ಕೊನೇಲಿ ಪೊರಕೆ ಹಿಡಿಯಂಗಿಲ್ಲ ಒದ್ದೆ ಬಟ್ಟೇಲೇ ಒರೆಸೋದು. ಬ್ಲೋ ಲ್ಯಾಂಪಲ್ಲಿ, ಅಂದ್ರೆ ಬೆಂಕಿ ಉಗುಳೋ ದೀಪದಲ್ಲಿ, ಪೇಂಟ್ ಸುಡೋದಂತೂ ಪೂರ್ತಿ ಬಂದ್, ಅದ್ರ ಹೊಗೇಲೂ ಸೀಸ ಇರುತ್ತೆ. ಕರ್ಚೀಫ್ ಕಟ್ಕೊಂಡ್ರೆ ಏನೂ ತಡಿಯಲ್ಲ, ಫಿಲ್ಟರ್ ಹಾಕೋ ಮಾಸ್ಕೇ ಬೇಕು, ಸೆಕೆ ಅಂತ ತೆಗೀತಾರೆ, ದಿನಾ ಹೇಳ್ತಾನೇ ಇರ್ಬೇಕು. ಟೀ ಬೀಡಿ ಏನೇ ಇರ್ಲಿ ಸೋಪ್ ಹಾಕಿ ಕೈ ತೊಳೆದ ಮೇಲೆ. ಕೆಲ್ಸದ ಬಟ್ಟೆ ಸೈಟಲ್ಲೇ ಬಿಚ್ಚಿ ಕವರಿಗೆ ಹಾಕಿ, ಮನೇಲಿ ಬೇರೆಯಾಗಿ ಒಗೀಬೇಕು.

ಟೈಮ್ ಜಾಸ್ತಿ ಹಿಡಿಯುತ್ತೆ, ಅದಕ್ಕೆ ಎಸ್ಟಿಮೇಟಲ್ಲೇ ಬೇರೆ ಬರೀತೀನಿ, ಕೆಲವ್ರು ಒಪ್ಪಲ್ಲ, ಅಂಥ ಕೆಲ್ಸ ಬಿಡ್ತೀನಿ.

ಇನ್ನೊಂದು, ಪೇಂಟರ್‌ಗಳಿಗೆ ಹೊಟ್ಟೆ ಹಿಡ್ಕೊಳೋದು, ಮಲಬದ್ಧತೆ, ಕೀಲು ನೋವು, ಸುಸ್ತು ಅಂತ ಇದ್ರೆ ಮೆಡಿಕಲ್ ಶಾಪಲ್ಲಿ ಗ್ಯಾಸ್ ಮಾತ್ರೆ ತಗೊಂಡು ಸುಮ್ನಾಗ್ತಾರೆ. ಸೀಸ ಮೈಗೆ ಸೇರಿದ್ರೂ ಹಿಂಗೇ ಆಗ್ಬೋದು, ಆದ್ರೆ ಮಾಮೂಲಿ ರಕ್ತ ಪರೀಕ್ಷೇಲಿ ಸೀಸದ ಮಟ್ಟ ಕಾಣಲ್ಲ, ಡಾಕ್ಟರಿಗೆ ನಾನು ಪೇಂಟರ್ ಅಂತ ಬಾಯ್ಬಿಟ್ಟು ಹೇಳಿ ಬ್ಲಡ್ ಲೆಡ್ ಟೆಸ್ಟ್ ಅಂತಾನೇ ಕೇಳಿ ಬರೆಸ್ಕೊಳಿ, ಅದ್ರ ದುಡ್ಡು ಕೆಲ್ಸ ಕೊಟ್ಟ ಮೇಸ್ತ್ರಿ ಕೊಡ್ಬೇಕು ಅನ್ನೋದು ನನ್ ಅಭಿಪ್ರಾಯ, ನಾನು ಕೊಡ್ತೀನಿ.