ಬಾಯಿಮಾತಿನ ತಲಾಖ್: ಯಾವುದು ನಿಲ್ಲುತ್ತೆ, ಯಾವುದು ಬಿದ್ದುಹೋಗುತ್ತೆ?

ಜಗಳದ ಸಿಟ್ಟಿನಲ್ಲಿ ಗಂಡ ಮೂರು ಸಲ ‘ತಲಾಖ್’ ಅಂದ. ಇಲ್ಲವೇ ದುಬೈಯಿಂದ ವಾಟ್ಸಾಪ್‌ನಲ್ಲಿ ವಾಯ್ಸ್ ಮೆಸೇಜ್ ಹಾಕಿದ. ಅಲ್ಲಿಗೆ ಮದುವೆ ಮುಗಿಯಿತಾ? ನಮ್ಮ ದೇಶದ ಕಾನೂನಿನ ಪ್ರಕಾರ ಇಲ್ಲ. ಹಾಗಂತ ಬಾಯಲ್ಲಿ ಹೇಳಿದ ತಲಾಖ್ ಎಲ್ಲವೂ ನಡೆಯುವುದಿಲ್ಲ ಅಂತಲೂ ಅಲ್ಲ.

1. ಮೊದಲು, ಹೇಗೆ ಹೇಳಿದ ಅಂತ ನೋಡಿ

ಒಂದೇ ಏಟಿಗೆ, ವಾಪಸ್ ತೆಗೆದುಕೊಳ್ಳಲು ದಾರಿಯೇ ಇಲ್ಲದಂತೆ ಕೊಡುವುದು ತಲಾಖ್-ಎ-ಬಿದ್ದತ್. 2017ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟ್ 3:2 ಬಹುಮತದಿಂದ ಇದನ್ನು ರದ್ದು ಮಾಡಿತು. 2019ರ ಕಾಯ್ದೆ ಇದನ್ನು ಅಪರಾಧವನ್ನಾಗಿಯೂ ಮಾಡಿತು. ಬಾಯಲ್ಲಿ ಹೇಳಲಿ, ಕಾಗದದಲ್ಲಿ ಬರೆಯಲಿ, ಮೊಬೈಲಿನಲ್ಲಿ ಕಳಿಸಲಿ, ಮೂರು ವರ್ಷದವರೆಗೆ ಜೈಲು, ಮೇಲೆ ದಂಡ.

ಹಂತ ಹಂತವಾಗಿ, ರಾಜಿಗೆ ಸಮಯ ಬಿಟ್ಟು ಕೊಡುವ ತಲಾಖ್‌ಗಳಾದ ಅಹ್ಸನ್ ಮತ್ತು ಹಸನ್ ಬೇರೆ. ಅಹ್ಸನ್‌ನಲ್ಲಿ ಹೆಂಡತಿ ಮುಟ್ಟಾಗಿಲ್ಲದ ದಿನಗಳಲ್ಲಿ ಒಂದೇ ಸಲ ಹೇಳಿ, ಇದ್ದತ್ ಮುಗಿಯುವವರೆಗೆ ದೂರ ಇರಬೇಕು. ಇದ್ದತ್ ಅಂದರೆ ಸಾಮಾನ್ಯವಾಗಿ ಮೂರು ಮುಟ್ಟಿನ ಅವಧಿ, ಗರ್ಭಿಣಿಯಾದರೆ ಹೆರಿಗೆಯವರೆಗೆ. ಅಷ್ಟರೊಳಗೆ ರಾಜಿಯಾದರೆ ತಲಾಖ್ ಅಲ್ಲಿಗೇ ರದ್ದು. ಹಸನ್‌ನಲ್ಲಿ ತಿಂಗಳಿಗೊಂದರಂತೆ ಮೂರು ಸಲ. ಮೂರನೆಯದಕ್ಕೆ ಮೊದಲು ಯಾವಾಗ ಬೇಕಾದರೂ ಹಿಂದೆ ಸರಿಯಬಹುದು. 2019ರ ಕಾಯ್ದೆ ಇವೆರಡನ್ನು ಮುಟ್ಟಿಲ್ಲ.

ಒಂದೇ ಉಸಿರಿನ ತಲಾಖ್ ಬಗ್ಗೆ ಮುಸ್ಲಿಮರೆಲ್ಲರೂ ಯಾವತ್ತೂ ಒಂದೇ ಮಾತು ಹೇಳಿದವರಲ್ಲ. ಸುನ್ನಿಗಳ ಹನಫಿ ಪಂಥದ ಪಂಡಿತರು ‘ಪಾಪ, ಆದರೆ ಊರ್ಜಿತ’ ಎನ್ನುತ್ತಿದ್ದರು. ಸುನ್ನಿಗಳದ್ದೇ ಇನ್ನೊಂದು ಪಂಗಡವಾದ ಅಹ್ಲೆ ಹದೀಸ್‌ನವರು ಮೂರನ್ನೂ ಒಂದೇ ಅಂತ ಎಣಿಸುತ್ತಾರೆ. ಶಿಯಾಗಳಲ್ಲಿ ಇಬ್ಬರು ಸಾಕ್ಷಿಗಳಿಲ್ಲದೆ ತಲಾಖ್ ಆಗುವುದೇ ಇಲ್ಲ. ಈಜಿಪ್ಟ್ 1929ರಲ್ಲೇ ಮೂರನ್ನು ಒಂದೆಂದು ಎಣಿಸುವ ಕಾನೂನು ತಂದಿತ್ತು.

2. ರಾಜಿ ಪಂಚಾಯಿತಿ ಆಗಿತ್ತಾ, ಕೇಳಿ

‘ನಾನು ಕ್ರಮವಾಗಿಯೇ ಕೊಟ್ಟಿದ್ದೇನೆ’ ಎಂದು ಗಂಡ ವಾದಿಸಬಹುದು. ಅದನ್ನು ಸಾಬೀತು ಮಾಡಬೇಕಾದವನು ಅವನೇ. ಸರಿಯಾದ ಕಾರಣ ಇರಬೇಕು, ಅದಕ್ಕೂ ಮೊದಲು ಎರಡೂ ಮನೆಯ ಕಡೆಯಿಂದ ಒಬ್ಬೊಬ್ಬರು ಕೂತು ರಾಜಿಗೆ ಪ್ರಯತ್ನಿಸಿರಬೇಕು ಎಂದು ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿದೆ. ಕುರ್‌ಆನ್‌ನ 4ನೇ ಅಧ್ಯಾಯದ 35ನೇ ವಚನವೂ ಹೇಳುವುದು ಇದನ್ನೇ. ಆ ಕೇಸಿನಲ್ಲಿ ಹೆಂಡತಿ ಜೀವನಾಂಶ ಕೇಳಿದಾಗ ಗಂಡ ‘ಹಿಂದೆಯೇ ತಲಾಖ್ ಕೊಟ್ಟಿದ್ದೆ’ ಎಂದು ಕೋರ್ಟಿಗೆ ಬರೆದುಕೊಟ್ಟಿದ್ದ. ಆ ಕಾಗದದಿಂದ ತಲಾಖ್ ಆಗಲಿಲ್ಲ.

3. ಪುರಾವೆ ಕಾಪಾಡಿ

ವಾಯ್ಸ್ ಮೆಸೇಜ್ ಸಿಟ್ಟಿಗೆ ಡಿಲೀಟ್ ಮಾಡಬೇಡಿ. ಸ್ಕ್ರೀನ್‌ಶಾಟ್‌ನಲ್ಲಿ ನಂಬರ್, ತಾರೀಖು, ಗಂಟೆ ಕಾಣಲಿ. ಮೆಸೇಜ್ ಬಂದ ಫೋನನ್ನು ಮಾರಬೇಡಿ, ರೀಸೆಟ್ ಮಾಡಬೇಡಿ. ಎದುರಿಗೇ ಹೇಳಿದ್ದರೆ, ಕೇಳಿಸಿಕೊಂಡವರ ಹೆಸರು ಅವತ್ತೇ ಬರೆದಿಡಿ. ನಿಕಾಹ್‌ನಾಮಾ (ಮದುವೆಯ ಕರಾರು ಪತ್ರ) ಕೈಯಲ್ಲಿಲ್ಲದಿದ್ದರೆ ಮಸೀದಿ ಅಥವಾ ಜಮಾತ್‌ನ ರಿಜಿಸ್ಟರಿನಿಂದ ಪ್ರತಿ ತೆಗೆದುಕೊಳ್ಳಿ. ‘ಮೆಹರ್ (ಮದುವೆಯಲ್ಲಿ ಗಂಡ ಹೆಂಡತಿಗೆ ಕೊಡಬೇಕಾದ ಹಣ) ಮುಟ್ಟಿದೆ, ಇನ್ನೇನೂ ಬೇಡ’ ಎಂಬ ಕಾಗದಕ್ಕೆ ಮಾತ್ರ ವಕೀಲರನ್ನು ಕೇಳದೆ ಸುಮ್ನೆ ಸಹಿ ಹಾಕಬೇಡಿ.

4. ದೂರು, ದುಡ್ಡು, ಮಕ್ಕಳು

ಒಂದೇ ಉಸಿರಿನ ತಲಾಖ್ ಕೊಟ್ಟಿದ್ದರೆ ಪೊಲೀಸರಿಗೆ ಹೆಂಡತಿ ದೂರು ಕೊಡಬಹುದು. ಆಕೆಯ ರಕ್ತಸಂಬಂಧಿಗಳು, ಮದುವೆಯಿಂದ ಸಂಬಂಧಿಗಳಾದವರೂ ಕೊಡಬಹುದು. ಪಕ್ಕದ ಮನೆಯವರು ಕೊಟ್ಟರೆ ಆಗಲ್ಲ. ಹೆಂಡತಿಯ ಮಾತು ಕೇಳದೆ ಮ್ಯಾಜಿಸ್ಟ್ರೇಟ್ ಜಾಮೀನು ಕೊಡುವಂತಿಲ್ಲ. ರಾಜಿ ಆಗಬೇಕಾದರೆ ಅದನ್ನು ಕೇಳಬೇಕಾದವಳೂ ಹೆಂಡತಿಯೇ; ಮ್ಯಾಜಿಸ್ಟ್ರೇಟ್ ಒಪ್ಪಬೇಕು.

ಜೈಲಿಗಿಂತ ಮೊದಲು ದುಡ್ಡಿನ ಕಡೆ ನೋಡುವುದು ಜಾಣತನ ಅನ್ನೋದು ನನ್ನ ಅಭಿಪ್ರಾಯ. ಗಂಡ ಒಳಗೆ ಹೋದರೂ ಮನೆ ಬಾಡಿಗೆ ನಿಲ್ಲಲ್ಲ, ಅಲ್ವಾ? 2019ರ ಕಾಯ್ದೆಯಡಿಯೇ ಹೆಂಡತಿ ತನಗೂ ಮಕ್ಕಳಿಗೂ ಜೀವನಭತ್ಯೆ ಕೇಳಬಹುದು, ಚಿಕ್ಕ ಮಕ್ಕಳನ್ನು ತನ್ನ ಬಳಿಯೇ ಇಟ್ಟುಕೊಳ್ಳಲು ಅರ್ಜಿ ಹಾಕಬಹುದು. ಎಲ್ಲ ಧರ್ಮದವರಿಗೂ ಇರುವ ಜೀವನಾಂಶದ ಕಾನೂನು ಮುಸ್ಲಿಂ ಹೆಂಗಸರಿಗೂ ಅನ್ವಯಿಸುತ್ತದೆ ಎಂದು 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಹೇಳಿದೆ.

5. ಬಿಡುಗಡೆ ಆಕೆಗೇ ಬೇಕಿದ್ದರೆ

ಇಲ್ಲಿ ಜಾಸ್ತಿ ಜನ ಎಡವುತ್ತಾರೆ. ಒಂದೇ ಉಸಿರಿನ ತಲಾಖ್ ನಡೆಯದು ಅಂದಮೇಲೆ ಆಕೆ ಈಗಲೂ ಹೆಂಡತಿಯೇ. ಆ ತಲಾಖನ್ನೇ ನಂಬಿಕೊಂಡು ಇನ್ನೊಂದು ನಿಕಾಹ್ ಮಾಡಿಕೊಂಡರೆ ತೊಂದರೆ ಆಕೆಗೇ. ಖುಲಾ (ಹೆಂಡತಿಯೇ ಕೇಳಿ ಪಡೆಯುವ ಬಿಡುಗಡೆ) ಕೇಳಬಹುದು, ಇಬ್ಬರೂ ಒಪ್ಪಿ ಬಿಡುವುದಾದರೆ ಮುಬಾರತ್ ಇದೆ, ಇಲ್ಲವೇ 1939ರ ಕಾಯ್ದೆಯಡಿ ಕೋರ್ಟಿನಲ್ಲಿ ವಿಚ್ಛೇದನ ಪಡೆಯಬಹುದು. ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಂಗಸರಿಗೆ ಅಲ್ಲಿ ಆದಾಯ ಎಷ್ಟಿದ್ದರೂ ವಕೀಲರು ಉಚಿತ. ಸಹಾಯವಾಣಿ 15100.