ಬಂದೂಕಿನ ಸೇಫ್ ಕೊಳ್ಳುವ ಮುನ್ನ ತಗಡಿನ ದಪ್ಪ ಅಳೆಯಿರಿ

ನಾನು ತಗಡಿನ ಕೆಲಸದವನು. ಶೀಟು ಕತ್ತರಿಸುವುದು, ಮಡಿಸುವುದು, ವೆಲ್ಡಿಂಗ್ ಮಾಡುವುದು, ಇಪ್ಪತ್ತೆರಡು ವರ್ಷದಿಂದ ಇದೇ ಕಸುಬು. ಅಪ್ಪ ತೀರಿಕೊಂಡ ಮೇಲೆ ಅವರ ಜೋಡುನಳಿಗೆ ಕೋವಿ ನನ್ನ ಕೈಗೆ ಬಂತು. ಆಗ ಮಗನಿಗೆ ಏಳು ವರ್ಷ. ಕೋವಿ ಒಂದು ರಾತ್ರಿಯೂ ಬೀರುವಿನ ಮೇಲೆ ಇರಬಾರದು ಅನ್ನುವ ಆತಂಕದಲ್ಲಿ, ಮೊದಲು ಕಣ್ಣಿಗೆ ಬಿದ್ದ ಸೇಫನ್ನೇ ತಂದುಬಿಟ್ಟೆ. ಕಪ್ಪು ಬಣ್ಣ, ಹೊಳೆಯುವ ಹಿಡಿ, ಮೂರು ಬೆರಳು ದಪ್ಪ ಕಾಣುವ ಬಾಗಿಲು. ಮನೆಗೆ ತಂದ ಮೇಲೆ ತಳದಲ್ಲಿರುವ ಬೋಲ್ಟ್ ತೂತಿಗೆ, ದಪ್ಪ ಅಳೆಯುವ ವರ್ನಿಯರ್ ಇಟ್ಟು ನೋಡಿದೆ. 1.2 ಮಿಲಿಮೀಟರ್! ದಿನಾ ಕೈಯಲ್ಲಿ ಮಡಿಸುವ ತಗಡು ಅದು, ಎಷ್ಟು ಬಲಕ್ಕೆ ಬಾಗುತ್ತದೆ ಅಂತ ನನಗೆ ಗೊತ್ತು. ಆ ರಾತ್ರಿ ನಿದ್ದೆ ಬರಲಿಲ್ಲ.

ಅದಕ್ಕೇ ಮೊದಲ ಮಾತು: ಅಂಗಡಿಗೆ ಹೋಗುವಾಗ ವರ್ನಿಯರ್ ಜೇಬಿನಲ್ಲಿರಲಿ. ಬಾಗಿಲ ಅಂಚು ನೋಡಿ ದಪ್ಪ ಅಂದುಕೊಳ್ಳಬೇಡಿ. ಅಗ್ಗದ ಸೇಫಿನ ಬಾಗಿಲನ್ನು ತಟ್ಟೆಯ ಹಾಗೆ ಅಂಚು ಮಡಿಸಿ, ಒಳಗೆ ಜಿಪ್ಸಮ್ ಹಲಗೆ ತುಂಬಿ ದಪ್ಪ ಕಾಣಿಸುತ್ತಾರೆ. ನಿಜ ಹೇಳುವುದು ನೆಲಕ್ಕೆ ಬೋಲ್ಟ್ ಹಾಕಲು ಕೊರೆದಿರುವ ತೂತು, ಅಲ್ಲಿ ತಗಡು ಒಂದೇ ಪದರ ಇರುತ್ತದೆ. ಇನ್ನು ಕೆಲವರು ದಪ್ಪವನ್ನು ಗೇಜ್‌ನಲ್ಲಿ ಹೇಳುತ್ತಾರೆ. ಗೇಜ್ ಸಂಖ್ಯೆ ಏರಿದಷ್ಟೂ ತಗಡು ತೆಳು: 18 ಗೇಜ್ ಅಂದರೆ ಸುಮಾರು 1.2 ಮಿ.ಮೀ., 14 ಅಂದರೆ 1.9, 12 ಅಂದರೆ 2.7, 10 ಅಂದರೆ 3.4. 18ಕ್ಕೂ 12ಕ್ಕೂ ನೋಡಲು ಒಂದೂವರೆ ಮಿಲಿಮೀಟರ್ ವ್ಯತ್ಯಾಸ ಅಷ್ಟೆ. ಆದರೆ ತಗಡಿನ ದಪ್ಪ ಎರಡು ಪಟ್ಟಾದರೆ ಅದು ಬಾಗದೆ ನಿಲ್ಲುವ ಬಿಗಿ ಎಂಟು ಪಟ್ಟಾಗುತ್ತದೆ. ಹಾರೆ ಹಾಕಿ ಮೀಟುವ ಕಳ್ಳನ ಎದುರು ಸೇಫ್ ನಿಲ್ಲುವುದು ಈ ಬಿಗಿಯಿಂದಲೇ. ಕೈಲಾದರೆ 12 ಗೇಜ್‌ಗಿಂತ ತೆಳುವಾದದ್ದನ್ನು ತರಬೇಡಿ. ದುಡ್ಡು ಸಾಲದಿದ್ದರೆ ಸೇಫಿನ ಅಳತೆ ಚಿಕ್ಕದು ಮಾಡಿ, ತಗಡನ್ನು ತೆಳು ಮಾಡಬೇಡಿ.

ಮನೆಗೆ ಬರುವ ಸೇಫ್ ಯಾವುದೂ ಶಾಶ್ವತವಾಗಿ ತಡೆಯುವುದಿಲ್ಲ, ಅದು ಕೊಡುವುದು ನಿಮಿಷಗಳನ್ನು. ಮಗುವಿನ ಕೈ ಮತ್ತು ಅವಸರದ ಕಳ್ಳ, ಈ ಇಬ್ಬರನ್ನು ಕೈಗೆಟಕುವ ಬೆಲೆಯ ಒಳ್ಳೆಯ ಸೇಫ್ ತಡೆಯುತ್ತದೆ. ಗ್ರೈಂಡರ್ ಹಿಡಿದು, ಪುರುಸೊತ್ತಿನಲ್ಲಿ ಬಂದವನನ್ನು ತಡೆಯುವುದಿಲ್ಲ. ನನ್ನ ಕೈಯಲ್ಲಿ ನಿತ್ಯ ಗ್ರೈಂಡರ್ ಇರುವುದರಿಂದ ಈ ಮಾತನ್ನು ಮುಚ್ಚಿಡಲಾರೆ.

ಎಷ್ಟು ನಿಮಿಷ ಅನ್ನುವುದಕ್ಕೆ ಸೇಫಿನ ಪರೀಕ್ಷೆಯ ಚೀಟಿ ನೋಡಬೇಕು. ಸಾಮಾನ್ಯವಾಗಿ ಬಾಗಿಲ ಒಳಮೈಯಲ್ಲಿ ಅಂಟಿಸಿರುತ್ತಾರೆ. ಸುರಕ್ಷತೆ ಪರೀಕ್ಷಿಸುವ ಅಮೆರಿಕದ ಯುಎಲ್ ಸಂಸ್ಥೆಯ 1037 ಮಾನದಂಡದಲ್ಲಿ ಪಾಸಾದದ್ದಕ್ಕೆ ಆರ್‌ಎಸ್‌ಸಿ, ಅಂದರೆ ಮನೆಬಳಕೆಯ ಭದ್ರ ಪೆಟ್ಟಿಗೆ, ಎಂಬ ಗುರುತು ಇರುತ್ತದೆ. ಅದರ ಮೊದಲ ಹಂತದ ಪರೀಕ್ಷೆಯಲ್ಲಿ ಒಬ್ಬ ಮನುಷ್ಯ ಸಾಮಾನ್ಯ ಕೈ ಉಪಕರಣಗಳಿಂದ ಐದು ನಿಮಿಷ ಒಡೆಯಲು ನೋಡುತ್ತಾನೆ. ಎರಡನೇ ಹಂತದಲ್ಲಿ ಇಬ್ಬರು, ಹತ್ತು ನಿಮಿಷ. ಯುರೋಪಿನ ಸೇಫಾದರೆ ಅಲ್ಲಿನ ಮಾನದಂಡ ಇಎನ್ 14450, ಜೊತೆಗೆ ಎಸ್1 ಅಥವಾ ಅದಕ್ಕಿಂತ ಗಟ್ಟಿಯಾದ ಎಸ್2 ಅಂತ ಇರುತ್ತದೆ. ಟಿಎಲ್-15, ಟಿಎಲ್-30 ಎಂಬ ಯುಎಲ್ ಗುರುತುಗಳು ಇದಕ್ಕಿಂತ ಬಹಳ ಮೇಲಿನವು. ಅವುಗಳ ಬೆಲೆಯೂ ತೂಕವೂ ಬೇರೆಯೇ ಲೋಕದ್ದು. ಮಾನದಂಡದ ಸಂಖ್ಯೆಯಿಲ್ಲದೆ ಬರೀ 'ಅತ್ಯುನ್ನತ ಭದ್ರತೆ' ಅಂತ ಬರೆದಿದ್ದರೆ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ.

ಮಾರುವವರು ಅಗುಳಿಗಳನ್ನು ಎಣಿಸಿ ತೋರಿಸುತ್ತಾರೆ, ಹನ್ನೆರಡು, ಹದಿನಾಲ್ಕು ಅಂತ. ನಾನು ನೋಡುವುದು ಆ ಅಗುಳಿ ಹೋಗಿ ಕೂರುವ ಚೌಕಟ್ಟನ್ನು. ಹೆಬ್ಬೆರಳು ಗಾತ್ರದ ಅಗುಳಿ ತೆಳು ತಗಡಿನ ಮಡಿಕೆಯ ಹಿಂದೆ ಕೂತಿದ್ದರೆ ಮೀಟಿದಾಗ ಬಾಗುವುದು ಅಗುಳಿಯಲ್ಲ, ಮಡಿಕೆ. ಬಾಗಿಲು ಹಾಕಿ, ಬೀಗ ಬಿಗಿದು, ಮೂಲೆಗಳನ್ನು ಅಂಗೈಯಿಂದ ಒತ್ತಿ, ಎಳೆದು ನೋಡಿ. ಅಲುಗಾಡಿದರೆ ಬೇಡ. ಬಾಗಿಲ ಸುತ್ತಲಿನ ಸಂದು ಎಲ್ಲ ಕಡೆ ಸಮನಾಗಿ ಕಿರಿದಾಗಿರಬೇಕು, ಹಾರೆಯ ತುದಿಗೆ ದಾರಿ ಸಿಗುವುದೇ ಆ ಸಂದಿನಲ್ಲಿ. ಕೀಲು ಹೊರಗಿದೆ ಅಂತ ಕೆಲವರು ಹೆದರುತ್ತಾರೆ. ಕೀಲಿನ ಬದಿಗೂ ಅಗುಳಿಯೋ ಗಟ್ಟಿ ಪಟ್ಟಿಯೋ ಇದ್ದರೆ ಕೀಲು ಕತ್ತರಿಸಿದರೂ ಬಾಗಿಲು ಬರುವುದಿಲ್ಲ, ಆ ಭಯ ಬೇಡ.

ಬೀಗದ ಮುಂದೆ ಡ್ರಿಲ್ ಇಳಿಯದಂಥ ಗಡಸು ಉಕ್ಕಿನ ಫಲಕ ಇದೆಯೇ, ಬೀಗವನ್ನು ಹೊಡೆದು ಒಳಗೆ ತಳ್ಳಿದರೆ ತಾನೇ ಬಿದ್ದು ಅಗುಳಿಗಳನ್ನು ಹಿಡಿಯುವ ರಿಲಾಕರ್ ಇದೆಯೇ, ಈ ಎರಡನ್ನು ಕೇಳಿ. ತಿರುಗಿಸುವ ಡಯಲ್ ಬೀಗ ನಿಧಾನ, ಆದರೆ ಬ್ಯಾಟರಿಯ ಗೊಡವೆಯಿಲ್ಲ. ಗುಂಡಿ ಒತ್ತುವ ಎಲೆಕ್ಟ್ರಾನಿಕ್ ಬೀಗ ಬೇಗ ತೆರೆಯುತ್ತದೆ, ಒಳ್ಳೆಯದಾದರೆ ಬ್ಯಾಟರಿ ಸತ್ತರೂ ಕೋಡ್ ಮರೆಯುವುದಿಲ್ಲ. ಅಗ್ಗದ ಪುಟ್ಟ ಪೆಟ್ಟಿಗೆಗಳಲ್ಲಿ ಮಾತ್ರ ದೊಡ್ಡ ತೊಂದರೆಯಿದೆ. ಒಳಗಿನ ಸ್ಪ್ರಿಂಗ್ ಕಡ್ಡಿ ಒಂದು ಏಟಿಗೇ ಹಾರಿ, ಹಿಡಿ ತಿರುಗಿಬಿಡಬಹುದು. ಅಂಗಡಿಯವರ ಒಪ್ಪಿಗೆ ಪಡೆದು, ಬೀಗ ಹಾಕಿದ ಪೆಟ್ಟಿಗೆಯ ನೆತ್ತಿಗೆ ಮುಷ್ಟಿಯಿಂದ ಗುದ್ದುತ್ತಾ ಹಿಡಿ ತಿರುಗಿಸಿ ನೋಡಿ. ನನ್ನ ಮೊದಲ ಸೇಫ್ ಮೂರನೇ ಗುದ್ದಿಗೆ ತೆರೆದುಕೊಂಡಿತ್ತು. ಏಳು ವರ್ಷದ ಮಗು ಸಿಟ್ಟಿನಲ್ಲಿ ಹೊಡೆದಿದ್ದರೂ ಸಾಕಾಗುತ್ತಿತ್ತು.

ಬೆರಳಚ್ಚಿನ ಬೀಗದ ವಿಷಯ ಸ್ವಲ್ಪ ನಿಧಾನವಾಗಿ ಓದಿ. 2023ರ ಅಕ್ಟೋಬರ್‌ನಲ್ಲಿ ಅಮೆರಿಕದಲ್ಲಿ ಸುಮಾರು 61,000 ಬೆರಳಚ್ಚು ಸೇಫ್‌ಗಳನ್ನು ಮಾರುಕಟ್ಟೆಯಿಂದ ವಾಪಸು ಕರೆಸಿದರು. ನೋಂದಾಯಿಸದ ಬೆರಳಿಗೂ ಅವು ತೆರೆಯುತ್ತಿದ್ದವು. ಅಂಥ ಒಂದು ಸೇಫಿನಿಂದ ಸಿಕ್ಕ ಬಂದೂಕಿನಿಂದ 12 ವರ್ಷದ ಹುಡುಗ ಸತ್ತ ಎಂಬ ಮೊಕದ್ದಮೆಯೂ ಇತ್ತು. ನನ್ನ ಮನೆಯಲ್ಲಿ ಅದೇ ವಯಸ್ಸಿನತ್ತ ಬೆಳೆಯುತ್ತಿರುವ ಮಗ ಇದ್ದ. ಆದ್ದರಿಂದ ಕೈಮುಗಿದು ಕೇಳುತ್ತೇನೆ: ಬೆರಳಚ್ಚಿನ ಸೇಫ್ ಇದ್ದರೆ ಇವತ್ತೇ ಬಂದೂಕು ಹೊರಗಿಟ್ಟು, ನೋಂದಾಯಿಸದ ಬೆರಳುಗಳನ್ನೆಲ್ಲ, ಮನೆಯ ಬೇರೆ ದೊಡ್ಡವರದ್ದನ್ನೂ ಸೇರಿಸಿ, ಒಂದೊಂದಾಗಿ ಒತ್ತಿ ನೋಡಿ.

ಬೆಂಕಿ ತಡೆಯುವ ಮಾತಿಗೆ ಹೆಚ್ಚು ದುಡ್ಡು ಸುರಿಯಬೇಡಿ. ಜಿಪ್ಸಮ್‌ನಲ್ಲಿ ಐದರಲ್ಲಿ ಒಂದು ಪಾಲು ನೀರೇ ಇರುತ್ತದೆ, ಕಾದಾಗ ಅದು ಹಬೆಯಾಗಿ ಒಳಗನ್ನು ತಂಪಿಡುತ್ತದೆ. ಕೆಲಸ ಮಾಡುವುದು ನಿಜ. ಆದರೆ ಅದೇ ಬೆಲೆಗೆ ಜಿಪ್ಸಮ್ ಹೆಚ್ಚಿಸಿ ಉಕ್ಕು ತೆಳುಮಾಡಿದ ಸೇಫ್ ಮೇಲೆ ಥಳುಕು, ಒಳಗೆ ಹುಳುಕು. ಹಲಗೆಯನ್ನು ಚಾಕುವಿನಿಂದ ಕೊರೆಯಬಹುದು.

ಎಷ್ಟು ಬಂದೂಕು ಹಿಡಿಯುತ್ತದೆ ಅಂತ ಬರೆದಿರುವುದರಲ್ಲಿ ಅರ್ಧ ಮಾತ್ರ ನಂಬಿ.

ಇಷ್ಟು ನೋಡಿ ತಂದ ಸೇಫನ್ನು ಸುಮ್ಮನೆ ಗೋಡೆಗೆ ಒರಗಿಸಿಟ್ಟರೆ ಎಲ್ಲವೂ ನೀರಿನಲ್ಲಿ ಹೋಮ. ಇಬ್ಬರು ಅದನ್ನು ಕೆಡವಿ ಮಲಗಿಸಿದರೆ ಮೇಲೆ ನಿಂತು ಮೈಭಾರವೆಲ್ಲ ಹಾಕಿ ಮೀಟಬಹುದು, ಚಿಕ್ಕದಾದರೆ ಹೊತ್ತುಕೊಂಡೇ ಹೋಗಬಹುದು. ಕಾಂಕ್ರೀಟ್ ನೆಲಕ್ಕೆ ನಾಲ್ಕೂ ತೂತಿನಲ್ಲಿ ಆಂಕರ್ ಬೋಲ್ಟ್ ಹಾಕಿ. ಕೊರೆದ ಪುಡಿಯನ್ನು ಪೂರ್ತಿ ಊದಿ ತೆಗೆಯಿರಿ, ಪುಡಿ ಉಳಿದರೆ ಬೋಲ್ಟ್ ಕಚ್ಚುವುದಿಲ್ಲ. ತಳದ ತಗಡು ತೆಳುವಾಗಿದ್ದರೆ ಒಳಗಡೆ ನಟ್ಟಿನ ಕೆಳಗೆ ದಪ್ಪ ಉಕ್ಕಿನ ಪಟ್ಟಿ ಕೊಡಿ, ಇಲ್ಲದಿದ್ದರೆ ಎಳೆದಾಗ ತಗಡೇ ಹರಿದು ಬರುತ್ತದೆ. ಜಾಗ ಮೂಲೆಯಲ್ಲಿರಲಿ, ಬಾಗಿಲು ತೆರೆದುಕೊಳ್ಳುವ ಅಂಚು ಗೋಡೆಯ ಕಡೆಗಿರಲಿ. ಉದ್ದದ ಹಾರೆ ಆಡಿಸಲು ಅಲ್ಲಿ ಜಾಗವೇ ಸಿಗಬಾರದು. ನಾನು ನನ್ನದನ್ನು ಗೋಡೆಯಿಂದ ಒಂದು ಗೇಣು ದೂರದಲ್ಲಿಟ್ಟೆ, ನನ್ನ ಕೈ ಹಿಡಿಸುತ್ತದೆ, ಹಾರೆ ಹಿಡಿಸುವುದಿಲ್ಲ.

ತೇವಕ್ಕೆ ಸಿಲಿಕಾ ಜೆಲ್ ಚೀಲ ಇಡಿ, ಆಗಾಗ ಒಣಗಿಸಿ. ಜಿಪ್ಸಮ್ ಇರುವ ಸೇಫಿನಲ್ಲಿ ಇದನ್ನು ಮರೆತರೆ ನಳಿಗೆಗೆ ತುಕ್ಕು ಹತ್ತುತ್ತದೆ. ಕೋವಿಯೊಳಗೆ ತೋಟಾ ಇರಬಾರದು, ತೋಟಾಗಳಿಗೆ ಬೇರೆ ಬೀಗದ ಪೆಟ್ಟಿಗೆ.

ತುರ್ತು ಕೀಲಿಯನ್ನು ಮನೆಯೊಳಗೆ ಬಚ್ಚಿಡಬೇಡಿ. ನಾನು ದೇವರ ಪಟದ ಹಿಂದೆ ಇಟ್ಟಿದ್ದೆ. 'ಅಪ್ಪಾ, ಇದು ಯಾವುದರ ಕೀಲಿ?' ಅಂತ ಮಗ ಎರಡೇ ವಾರದಲ್ಲಿ ಕೈಯಲ್ಲಿ ಹಿಡಿದು ಬಂದ. ಈಗ ಅದು ವರ್ಕ್‌ಶಾಪಿನ ಬೀಗದ ಡ್ರಾಯರಿನಲ್ಲಿದೆ. ಕಾರ್ಖಾನೆಯಿಂದ ಬಂದ ಕೋಡನ್ನು ಮೊದಲ ದಿನವೇ ಬದಲಿಸಿ. ಮಕ್ಕಳು ಮೊದಲು ಒತ್ತಿ ನೋಡುವುದು ಹುಟ್ಟಿದ ದಿನಾಂಕವನ್ನೇ, ಅದು ಬೇಡ. ಹೊಸ ಕೋಡ್ ಹಾಕಿದ ಕೂಡಲೇ ಬಾಗಿಲು ಮುಚ್ಚಬೇಡಿ. ಬಾಗಿಲು ತೆರೆದೇ ಇರಲಿ, ಅಗುಳಿಗಳನ್ನು ಹೊರಚಾಚಿ ಬೀಗ ಹಾಕಿ, ಕೋಡ್ ಒತ್ತಿ ಒಳಗೆಳೆಯಿರಿ. ಐದು ಸಲ ಹಾಗೆ ಮಾಡಿ, ಐದೂ ಸಲ ಸರಿಯಾಗಿ ತೆರೆದರೆ ಕೋವಿ ಒಳಗಿಟ್ಟು ಬಾಗಿಲು ಹಾಕಿ.