ಯುದ್ಧ ಕಂಡ ಮಗು ನಿಮ್ಮ ಓಣಿಗೆ ಬಂದರೆ

ಧಾರವಾಡದ ನಮ್ಮ ಮನೆಯ ಮಾಳಿಗೆಯಲ್ಲಿ ಒಂದು ಅಫ್ಘಾನ್ ಕುಟುಂಬ ಬಾಡಿಗೆಗಿತ್ತು. ಅಪ್ಪ ಇಲ್ಲಿ ಓದುತ್ತಿದ್ದರು. 2021ರ ಶುರುವಿನಲ್ಲಿ ಹೆಂಡತಿ, ಏಳು ವರ್ಷದ ಮಗ ಬಂದು ಸೇರಿಕೊಂಡರು. ಆಗಸ್ಟ್ 15ಕ್ಕೆ ಕಾಬೂಲ್ ತಾಲಿಬಾನ್ ಕೈಸೇರಿತು, ವಾಪಸ್ ಹೋಗುವ ಮಾತು ಮುಗಿಯಿತು. ನಮ್ಮ ದೇಶ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ, ಅವರ ಕೈಯಲ್ಲಿದ್ದದ್ದು ವೀಸಾ ಅಷ್ಟೇ. ಹುಡುಗನಿಗೆ ಇದೆಲ್ಲ ಏನು ಗೊತ್ತು? ಸದ್ದಾದರೆ ಮಂಚದ ಕೆಳಗೆ ಹೋಗಬೇಕು, ಅವನಿಗೆ ಗೊತ್ತಿದ್ದದ್ದು ಅದು.

ಮೂವತ್ತು ವರ್ಷ ಶಾಲೆಯಲ್ಲಿ ಕಲಿಸಿದವಳು ನಾನು. ಆದರೂ ಮೊದಲ ತಪ್ಪು ನನ್ನದೇ. ಪಕ್ಕದಲ್ಲಿ ಕೂರಿಸಿಕೊಂಡು, ಹರಕು ಮುರುಕು ಹಿಂದಿಯಲ್ಲಿ, ಅಲ್ಲಿ ಏನೇನು ನೋಡಿದೆ ಅಂತ ಕೇಳಿದೆ. ಎರಡು ದಿನ ಕೆಳಗೆ ಬರಲಿಲ್ಲ. ಕೆದಕಬೇಡಿ. ಅವನಾಗಿ ಹೇಳಿದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಕೇಳಿ. ಅವನು ನಿಲ್ಲಿಸಿದರೆ ನೀವೂ ನಿಲ್ಲಿಸಿ. ಬಂದ ನೆಂಟರ ಮುಂದೆ "ಪಾಪ" ಅಂತ ಅವನ ಕಥೆ ಹೇಳೋದಂತೂ ಬೇಡವೇ ಬೇಡ.

ಸದ್ದಿಗಿಂತ ಜಾಸ್ತಿ ಅವನನ್ನು ಕಾಡುತ್ತಿದ್ದದ್ದು, ಅದು ಹೇಳದೆ ಕೇಳದೆ ಬರೋದು. ಕುಕ್ಕರ್ ಸೀಟಿ, ಟ್ರಾನ್ಸ್‌ಫಾರ್ಮರ್ ಢಂ ಅನ್ನೋದು, ಗಣಪತಿ ಮೆರವಣಿಗೆಯ ಪಟಾಕಿ. ಇದು ತಿಳಿದ ಮೇಲೆ ಎಲ್ಲವನ್ನೂ ಮುಂಚೆನೇ ಹೇಳತೊಡಗಿದೆ. ಇನ್ನು ಮೂರು ಸೀಟಿ ಹೊಡೆಯುತ್ತೆ, ಎಣಿಸು. ಆ ವರ್ಷ ದೀಪಾವಳಿ ನವೆಂಬರ್ 4ಕ್ಕೆ. ವಾರ ಮೊದಲೇ ಪಟಾಕಿ ಡಬ್ಬಿ ಬಿಚ್ಚಿ ತೋರಿಸಿದೆ. ಯಾರು ಹಚ್ಚುತ್ತಾರೆ, ಎಲ್ಲಿ, ಎಷ್ಟು ಹೊತ್ತಿಗೆ ಮುಗಿಯುತ್ತೆ, ಎಲ್ಲ ಹೇಳಿದೆ. ಓಣಿಯ ಹುಡುಗರಿಗೆ, "ಹಚ್ಚೋಕಿಂತ ಮೊದ್ಲ ಕೂಗ್ರೋ" ಅಂದೆ. ಅವರು ಹತ್ತರಿಂದ ಹಿಂದಕ್ಕೆ ಎಣಿಸಿದರು. ಇವನು ಒಳಗಿನ ಕೋಣೆಯಲ್ಲಿ ಕಿವಿ ಮುಚ್ಚಿಕೊಂಡು ತಾನೂ ಎಣಿಸಿದ. ಹೊರಗೆ ಬಂದದ್ದು ಸುರುಸುರು ಬತ್ತಿಗೆ ಮಾತ್ರ. ಅಷ್ಟು ಸಾಕಲ್ವಾ?

ಬೆಚ್ಚಿಬಿದ್ದ ಮಗುವಿಗೆ "ಏನೂ ಆಗಿಲ್ಲ, ಸುಮ್ನಿರು" ಅಂದರೆ ಕೆಲಸಕ್ಕೆ ಬರೋದಿಲ್ಲ. ನೀವು ನೆಲದ ಮೇಲೆ ಕೂತುಬಿಡಿ. ಅದು ಯಾವ ಸದ್ದು, ನಾವೀಗ ಎಲ್ಲಿದ್ದೇವೆ, ಮೆಲ್ಲಗೆ ಹೇಳಿ. ಉಸಿರನ್ನು ಉದ್ದಕ್ಕೆ ಹೊರಗೆ ಬಿಡಿಸಬೇಕು. ಪ್ರಾಣಾಯಾಮ ಅಂದರೆ ಅವನಿಗೇನು ತಿಳಿದೀತು? ನಾನು ಬಸಿಯಲ್ಲಿ ಹಾಲು ಹಾಕಿ, ಊದಿ ಆರಿಸು ಅನ್ನುತ್ತಿದ್ದೆ. (ಬಿಸಿ ಬೇಡ, ಕೈ ನಡುಗುತ್ತಿರುತ್ತೆ. ಬೆಚ್ಚಗಿದ್ದರೆ ಸಾಕು.) ನಾಲ್ಕೈದು ಸಲ ಊದುವಷ್ಟರಲ್ಲಿ ಬಿಗಿದ ಭುಜ ಕೆಳಗಿಳಿಯುತ್ತಿತ್ತು.

ಹಾಸಿಗೆ ಒದ್ದೆ ಮಾಡಿದರೆ ಬೈಯಬೇಡಿ. ರಾತ್ರಿ ಸಣ್ಣ ದೀಪ ಇರಲಿ.

ಅಂಗಳದಲ್ಲಿ ಇಟ್ಟಿಗೆ ಚೂರಿನಿಂದ ಮನೆ ಕಟ್ಟಿ ಕೆಡವುತ್ತಿದ್ದ, ದಿನಾ. ತಡೆಯಬೇಡಿ. ಬಾಯಲ್ಲಿ ಬಾರದ್ದು ಆಟದಲ್ಲಿ ಬರುತ್ತೆ. ಆದರೆ ವಾರಗಟ್ಟಲೆ ಅದೇ ಆಟ, ಅದೇ ಕೊನೆ, ಮುಖದಲ್ಲಿ ನಗುವಿಲ್ಲ ಅಂದರೆ, ಪಕ್ಕದಲ್ಲಿ ಕೂತು ಒಂದು ಮಾತು ಕೇಳಿ: ಒಳಗಿರೋರನ್ನ ಯಾರು ಹೊರಗೆ ತರ್ತಾರೆ? ನಮ್ಮವನು ಮರುದಿನ ಆಂಬುಲೆನ್ಸ್ ತಂದ. ಬೆಂಕಿಪೆಟ್ಟಿಗೆಯದು.

ಇನ್ನು ತಾಯಿ. ಆಕೆ ರಾತ್ರಿಯಿಡೀ ಮೊಬೈಲಿನಲ್ಲಿ ಕಾಬೂಲಿನ ಸುದ್ದಿ ನೋಡುತ್ತಿದ್ದಳು, ಮಗ ಆಕೆಯ ಮುಖ ನೋಡುತ್ತಿದ್ದ. 1939ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್ ಬಾಂಬಿನ ಭಯಕ್ಕೆ ಸುಮಾರು 15 ಲಕ್ಷ ಜನರನ್ನು ಊರು ಬಿಡಿಸಿತು, ಹೆಚ್ಚಿನವರು ಮಕ್ಕಳು. ಆ ಯುದ್ಧದಲ್ಲಿ ಲಂಡನ್ನಿನ ಮಕ್ಕಳನ್ನು ನೋಡಿಕೊಂಡ ಮಕ್ಕಳ ಮನೋವಿಶ್ಲೇಷಕಿ ಆನಾ ಫ್ರಾಯ್ಡ್ ಕಂಡದ್ದೇನೆಂದರೆ, ಎಷ್ಟೋ ಮಕ್ಕಳಿಗೆ ಬಾಂಬಿಗಿಂತ ಅಮ್ಮನಿಂದ ಅಗಲಿದ್ದೇ ದೊಡ್ಡ ಪೆಟ್ಟು. ಹಾಗಾಗಿ ಮಗುವಿಗೆ ಏನಾದರೂ ಮಾಡಬೇಕು ಅನಿಸಿದರೆ ಅಮ್ಮನಿಗೆ ಮಾಡಿ. ಸಂಜೆ ರೊಟ್ಟಿ ಬಡಿಯೋಕೆ ಆಕೆಯನ್ನು ಕರೆಯುತ್ತಿದ್ದೆ. ಮೊಬೈಲ್ ನಮ್ಮ ಫ್ರಿಜ್ ಮೇಲೆ.

ತಿಂಗಳು ದಾಟಿದರೂ ನಿದ್ದೆ, ಊಟ ಸರಿಹೋಗದಿದ್ದರೆ, ಮಾತೇ ನಿಂತರೆ, ನಮ್ಮ ಧಾರವಾಡದಲ್ಲಿ ಡಿಮ್ಹಾನ್ಸ್ ಮಾನಸಿಕ ಆಸ್ಪತ್ರೆ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್, 14416ಕ್ಕೆ ಯಾವ ಹೊತ್ತಿಗಾದರೂ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ಸಾಯೋ ಮಾತಾಡಿದರೆ ತಿಂಗಳು ಕಾಯಬೇಡಿ, ಅವತ್ತೇ ಹೋಗಿ.

ಕೊನೆಗೆ, ಅವನಿಗೆ ಏನು ಬರುತ್ತೆ ಅಂತ ಹುಡುಕಿ. ನಮ್ಮ ಹುಡುಗರು ಗಾಳಿಪಟಕ್ಕೆ ಬಾಲಂಗೋಚಿ ಕಟ್ಟಿದ್ದು ನೋಡಿ ಇವನಿಗೆ ನಗು. ಕಾಬೂಲಿನ ಪಟಕ್ಕೆ ಬಾಲ ಇರೋದಿಲ್ಲವಂತೆ. ಕಿತ್ತು ಹಾಕಿ, ಸೂತ್ರ ತಾನೇ ಕಟ್ಟಿ, ಮಾಳಿಗೆ ಮೇಲಿಂದ ಏರಿಸಿದ. ಮರುದಿನ ಬೆಳಿಗ್ಗೆ ಐದು ಹುಡುಗರು ಬಾಗಿಲು ಬಡಿದರು, ಅವನು ಎದ್ದಿದ್ದಾನಾ ಅಂತ ಕೇಳಿಕೊಂಡು.